ಕುಡಿದ ಮರುದಿನ

ಮುಧೋಳ ಸೀಮೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಹತ್ತುತ್ತದೆ. ಘಟಪ್ರಭೆಯ ಕಾಲುವೆ ನೀರು ಬಂದ ಮೇಲೆ ಇಲ್ಲಿಯ ಎರೆಭೂಮಿ ಬಹುಮಟ್ಟಿಗೆ ಕಬ್ಬಿಗೆ ತಿರುಗಿತು. ಮಹಾಲಿಂಗಪುರ ಬೆಲ್ಲದ ಪೇಟೆಯಾಗಿ ಹೆಸರು ಮಾಡಿತು. ಸಮೀರವಾಡಿ, ತಿಮ್ಮಾಪುರ, ಮುಧೋಳ, ಜಮಖಂಡಿ ಕಡೆ ಒಂದರ ಹಿಂದೊಂದು ಸಕ್ಕರೆ ಕಾರ್ಖಾನೆ ಎದ್ದವು. ಸಕ್ಕರೆ ತೆಗೆದ ಮೇಲೆ ಕಾಕಂಬಿ ಉಳಿಯುತ್ತದೆ. ಕಾಕಂಬಿಯನ್ನು ಹುಳಿಬರಿಸಿ ಬಟ್ಟಿ ಇಳಿಸಿದರೆ ಸ್ಪಿರಿಟ್ ಬರುತ್ತದೆ. ಸಮೀರವಾಡಿಯ ಕಾರ್ಖಾನೆ ಇವತ್ತು ಸಕ್ಕರೆಯ ಜೊತೆಗೆ ಎಥೆನಾಲನ್ನೂ ಅದರಿಂದಾಗುವ ರಾಸಾಯನಿಕಗಳನ್ನೂ ಮಾಡುತ್ತದೆ. ಪೆಟ್ರೋಲಿಗೆ ಬೆರೆಸುವುದೂ ಅದೇ ಎಥೆನಾಲ್, ಸಾರಾಯಿಯ ಒಳಗಿರುವುದೂ ಅದೇ.

ಇಂಥ ಊರಿನಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಾಲದಿಂದ ಬೇರು ಬಿಟ್ಟಿದೆ. ಕಳ್ಳಭಟ್ಟಿ ಕುಡಿದು ಯಾರದಾದರೂ ಕಣ್ಣು ಹೋದರೆ ಜನ ಬಟ್ಟಿಯನ್ನು ಬಯ್ಯುತ್ತಾರೆ. ನವಸಾಗರ ಹೆಚ್ಚಾಗಿತ್ತು, ಯೂರಿಯಾ ಹಾಕಿದ್ದರು, ಬ್ಯಾಟರಿ ಸೆಲ್ ಒಡೆದು ಸುರಿದಿದ್ದರು ಎನ್ನುತ್ತಾರೆ. ಇವು ಯಾವುವೂ ದೇಹಕ್ಕೆ ಒಳ್ಳೆಯವಲ್ಲ. ಆದರೆ ಒಂದೇ ಸಂಜೆ ಒಂದೇ ಓಣಿಯಲ್ಲಿ ಹತ್ತಾರು ಜನರ ದೃಷ್ಟಿ ಕಿತ್ತುಕೊಳ್ಳುವ ವಸ್ತು ಬೇರೆಯೇ ಇದೆ. ಬೆಲ್ಲ, ಕಾಕಂಬಿ ಹುಳಿತರೆ ಅದು ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಅದು ಹೊರಗಿನಿಂದ, ಡ್ರಮ್ಮಿನಲ್ಲಿ ಬರುತ್ತದೆ. ಹೆಸರು ಮೆಥನಾಲ್, ಅಂದರೆ ಮೀಥೈಲ್ ಆಲ್ಕೊಹಾಲ್. ಬಣ್ಣ ಇಲ್ಲ, ವಾಸನೆಯಲ್ಲಿ, ರುಚಿಯಲ್ಲಿ ಕುಡಿಯುವ ಸ್ಪಿರಿಟ್ಟಿಗೂ ಅದಕ್ಕೂ ವ್ಯತ್ಯಾಸ ಹಿಡಿಯುವುದು ಕುಡಿದು ಪಳಗಿದವನಿಗೂ ಆಗದು. ನಶೆಯೂ ಬರುತ್ತದೆ. ತಿಳಿಯುವುದು ಮರುದಿನ.

ಆ ಮರುದಿನದ ಇತಿಹಾಸವನ್ನೇ ನಾನಿಲ್ಲಿ ಹೇಳಹೊರಟಿದ್ದೇನೆ. ಈ ವಿಷ ಕುಡಿದವನಿಗೆ ಸುಮಾರು ಹನ್ನೆರಡರಿಂದ ಇಪ್ಪತ್ತನಾಲ್ಕು ತಾಸುಗಳ ಬಿಡುವು ಕೊಡುತ್ತದೆ. ಆ ಹೊತ್ತಿನಲ್ಲಿ ಸರಿಯಾದ ಕೈಗೆ ಸಿಕ್ಕವನ ಜೀವವೂ ಉಳಿಯಬಹುದು, ಕಣ್ಣೂ ಉಳಿಯಬಹುದು. ನೂರು ವರ್ಷಗಳಲ್ಲಿ ಸರ್ಕಾರಗಳು, ಕಾನೂನುಗಳು, ವ್ಯಾಪಾರಿಗಳು ಆ ತಾಸುಗಳನ್ನು ಏನು ಮಾಡಿದರು ಎಂಬುದು ನಮ್ಮ ನಾಡಿನ ಬಡವರ ಚರಿತ್ರೆಯ ಒಂದು ತುಂಡು. ಅದನ್ನು ಬರೆದವರು ಕಡಿಮೆ.

ಮೆಥನಾಲಿನ ಮೊದಲ ಹೆಸರು ಕಟ್ಟಿಗೆಯ ಸ್ಪಿರಿಟ್. ಗಾಳಿಯಾಡದ ಪಾತ್ರೆಯಲ್ಲಿ ಕಟ್ಟಿಗೆ ಕಾಸಿದರೆ ಇದ್ದಿಲು ಉಳಿದು, ಹೊಗೆ ತಣಿದು ನೀರಾಗುವ ದ್ರವದಲ್ಲಿ ಇದು ಸಿಗುತ್ತದೆ. ರಾಬರ್ಟ್ ಬಾಯ್ಲ್ 1661ರಲ್ಲಿಯೇ ಇದನ್ನು ಬೇರ್ಪಡಿಸಿದ್ದ. ಕನ್ನಡ ನಾಡಿಗೆ ಇದು ದೊಡ್ಡ ಪ್ರಮಾಣದಲ್ಲಿ ಬಂದದ್ದು ಭದ್ರಾವತಿಯ ಮೂಲಕ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಇವತ್ತು ನಾವು ನೆನೆಯುವ ಆ ಉಕ್ಕಿನ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮುಂಚೆ ಕಟ್ಟಿಗೆಯೇ ಇತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. 1923ರಲ್ಲಿ ಅಲ್ಲಿಯ ಕುಲುಮೆ ಹೊತ್ತಿಕೊಂಡಿತು. ಮಲೆನಾಡಿನ ಮರ ಇದ್ದಿಲಾಗಿ ಅದಿರು ಕರಗಿಸಿತು; ಜೊತೆಯಲ್ಲಿ ಡಾಂಬರು, ಸುಣ್ಣದ ಅಸಿಟೇಟು, ಕಟ್ಟಿಗೆಯ ಸ್ಪಿರಿಟ್ಟು ಬಂದವು. ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಕಟ್ಟಿಗೆಯ ಹಂಗಿಲ್ಲದೆ, ಅನಿಲಗಳಿಂದ ಮೆಥನಾಲ್ ತಯಾರಿಸುವ ಕಾರ್ಖಾನೆ ತೆರೆಯಿತು. ಮುಂದಿನ ಅರ್ಧ ಶತಮಾನದಲ್ಲಿ ಗೆದ್ದದ್ದು ಜರ್ಮನಿಯ ದಾರಿ. ಪ್ಲೈವುಡ್ಡಿನ ಅಂಟಿಗೆ, ಬಣ್ಣದ ಥಿನ್ನರಿಗೆ, ಔಷಧ ಕಾರ್ಖಾನೆಗಳಿಗೆ ಬೇಕಾದ ಈ ದ್ರವ ಕಾಡಿನ ಲೆಕ್ಕ ಬಿಟ್ಟು ಟ್ಯಾಂಕರಿನ ಲೆಕ್ಕಕ್ಕೆ ಬಂತು. ನಮ್ಮ ದೇಶದಲ್ಲಿಯೂ 1960ರ ದಶಕದಲ್ಲಿ ಟ್ರಾಂಬೆಯ ರಸಗೊಬ್ಬರ ಕಾರ್ಖಾನೆ ಇದನ್ನು ಮಾಡತೊಡಗಿತು.

ಕಣ್ಣಿಗೂ ಇದಕ್ಕೂ ಇರುವ ನಂಟು ಗೊತ್ತಾದ ಬಗೆ ವಿಚಿತ್ರ. ಹತ್ತೊಂಬತ್ತನೆಯ ಶತಮಾನದ ಕಟ್ಟಿಗೆಯ ಸ್ಪಿರಿಟ್ ಎಷ್ಟು ನಾರುತ್ತಿತ್ತೆಂದರೆ ಯಾರೂ ಬಾಯಿಗೆ ಹಚ್ಚುತ್ತಿರಲಿಲ್ಲ. ಆ ನಾತವೇ ಕಾವಲಾಗಿತ್ತು. ಶತಮಾನದ ಕೊನೆಯಲ್ಲಿ ಅಮೆರಿಕದ ತಯಾರಕರು ಅದನ್ನು ಶುದ್ಧೀಕರಿಸಿ, ನಾತ ತೆಗೆದು ‘ಕೊಲಂಬಿಯನ್ ಸ್ಪಿರಿಟ್’ ಎಂಬಂಥ ಹೆಸರುಗಳಲ್ಲಿ ಮಾರಿದರು. ಕುಡಿಯುವ ಸ್ಪಿರಿಟ್ಟಿಗೆ ತೆರಿಗೆಯಿತ್ತು, ಇದಕ್ಕಿರಲಿಲ್ಲ. ಅಗ್ಗದ ಸಾರಗಳಲ್ಲಿ, ಟಾನಿಕ್ಕುಗಳಲ್ಲಿ ಇದು ಸೇರಿತು. ಕುರುಡಾದವರು ಕಣ್ಣಿನ ವೈದ್ಯರ ಬಾಗಿಲಿಗೆ ಬರತೊಡಗಿದರು. ಮಾಂಟ್ರಿಯಲ್‌ನ ಫ್ರಾಂಕ್ ಬುಲ್ಲರ್, ಶಿಕಾಗೋದ ಕೇಸಿ ವುಡ್ ಎಂಬಿಬ್ಬರು ಕಣ್ಣಿನ ವೈದ್ಯರು ಊರೂರಿನಿಂದ ಇಂಥ ಪ್ರಕರಣಗಳನ್ನು ಕೂಡಿಸಿ 1904ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾವು ಮತ್ತು ಕುರುಡು ಎರಡನ್ನೂ ಶೀರ್ಷಿಕೆಯಲ್ಲಿಯೇ ಇಟ್ಟರು. ಆ ಬರಹದ ಮೇಲೆ ನನಗೆ ಗೌರವ ಹುಟ್ಟುವುದು ಈ ಕಾರಣಕ್ಕೆ. ಅವರು ಕುರುಡರನ್ನು ಸತ್ತವರಷ್ಟೇ ಶ್ರದ್ಧೆಯಿಂದ ಎಣಿಸಿದರು. ಆಮೇಲಿನವರು ಆ ಪಾಠವನ್ನು ಬೇಗ ಮರೆತರು.

ಎಣಿಸಿದರೂ ಎಲ್ಲರೂ ನಂಬಲಿಲ್ಲ. ಶುದ್ಧ ಮೆಥನಾಲಿನಲ್ಲಿ ವಿಷವಿಲ್ಲ, ಅದರೊಳಗಿನ ಕೊಳೆಯೇ ಕಣ್ಣು ತೆಗೆಯುತ್ತದೆ ಎಂದು ವಾದಿಸಿದವರಿದ್ದರು. ಪ್ರಯೋಗಶಾಲೆಯ ಇಲಿ, ಮೊಲಗಳೂ ಆ ವಾದಕ್ಕೆ ಬೆಂಬಲವಾಗಿ ನಿಂತವು. ಮನುಷ್ಯನಿಗೆ ಬರುವ ಕುರುಡು ಅವುಗಳಿಗೆ ಬರುತ್ತಿರಲಿಲ್ಲ. ಗುಟ್ಟು ಬಿಚ್ಚಲು 1970ರ ದಶಕದ ತನಕ ಕಾಯಬೇಕಾಯಿತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕೆನೆತ್ ಟೆಫ್ಲಿ ಮತ್ತು ಸಂಗಡಿಗರು ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಕಣ್ಣಿಗೆ ಹೊಡೆತ ಕೊಡುವುದು ಮೆಥನಾಲ್ ತಾನೇ ಅಲ್ಲವೆಂದೂ ದೇಹದೊಳಗೆ ಅದು ಒಡೆದು ಆಗುವ ಫಾರ್ಮಿಕ್ ಆಮ್ಲವೆಂದೂ ಖಚಿತವಾಯಿತು. ಇಲಿಯ ಯಕೃತ್ತು ಆ ಆಮ್ಲವನ್ನು ಬೇಗ ಕಳೆದುಬಿಡುತ್ತದೆ. ಮನುಷ್ಯನ ಮತ್ತು ಮಂಗನ ದೇಹಕ್ಕೆ ಆ ಚುರುಕಿಲ್ಲ.

ಮರುದಿನದ ಬಿಡುವಿನ ಕಾರಣವೂ ಇಲ್ಲೇ ಇದೆ. ಹೊಟ್ಟೆಗೆ ಹೋದ ಮೆಥನಾಲ್ ಮೊದಲು ಬರೀ ನಶೆ ಕೊಡುತ್ತದೆ. ಯಕೃತ್ತಿನ ಒಂದು ಕಿಣ್ವ ಅದನ್ನು ನಿಧಾನವಾಗಿ ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಬೇಗನೆ ಫಾರ್ಮಿಕ್ ಆಮ್ಲವಾಗುತ್ತದೆ. ಆಮ್ಲ ರಕ್ತದಲ್ಲಿ ಕೂಡುತ್ತ ಹೋದಂತೆ ಜೀವಕೋಶಗಳು ಆಮ್ಲಜನಕ ಬಳಸುವ ಶಕ್ತಿ ಕಳೆದುಕೊಳ್ಳುತ್ತವೆ. ಸದಾ ಶಕ್ತಿ ಬೇಡುವ ಅಕ್ಷಿಪಟಲ ಮತ್ತು ಅದರ ಹಿಂದಿನ ದೃಷ್ಟಿನರ ಮೊದಲು ಸೋಲುತ್ತವೆ. ರೋಗಿಗೆ ತಲೆನೋವು, ಹೊಟ್ಟೆಯುರಿ, ವಾಂತಿ. ಹಿಂದೆಯೇ ಕಣ್ಣ ಮುಂದೆ ಬಿಳಿ ಮಂಜು ಕವಿಯುತ್ತದೆ. ಹಿಮದ ನಾಡಿನವರು ಹಿಮ ಸುರಿಯುವುದರೊಳಗೆ ನಿಂತಂತಿದೆ ಎಂದರು. ನಮ್ಮ ಕಡೆಯವನಾದರೆ ‘ಎಲ್ಲಾ ಬೆಳ್ಳಗ ಕಾಣಾಕತ್ತೈತಿ, ಮಂದಿ ಮಾರಿ ಗುರ್ತ ಹತ್ತವಲ್ದು’ ಎಂದಾನು. ಬೆಳಕು ಚುಚ್ಚುತ್ತದೆ. ಪಾಪೆ ಅಗಲವಾಗಿ ತೆರೆದುಕೊಂಡು ಟಾರ್ಚ್ ಬಿಟ್ಟರೂ ಕುಗ್ಗುವುದಿಲ್ಲ. ಉಸಿರು ಆಳವಾಗಿ, ಬಿರುಸಾಗಿ ಓಡುತ್ತದೆ. ಅದು ದೇಹ ಆಮ್ಲವನ್ನು ಹೊರಹಾಕಲು ಹೆಣಗುವ ಬಗೆ. ಹತ್ತು ಮಿಲಿಲೀಟರಿನಷ್ಟು ಶುದ್ಧ ಮೆಥನಾಲ್ ಕಣ್ಣು ತೆಗೆಯಬಲ್ಲದು, ಮೂವತ್ತು ಮಿಲಿಲೀಟರ್ ಜೀವ ತೆಗೆಯಬಲ್ಲದು ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಹತ್ತು ಮಿಲಿಲೀಟರ್ ಎಂದರೆ ಎರಡು ಚಹಾ ಚಮಚ.

ಚಿಕಿತ್ಸೆಯನ್ನು ಕಟ್ಟಿಕೊಟ್ಟವರಲ್ಲಿ ನಾರ್ವೆಯ ವೈದ್ಯ ಓಲುಫ್ ರೋ ಮುಖ್ಯ. 1940ರ ದಶಕದಲ್ಲಿ ಅಲ್ಲಿಯ ವಿಷಮದ್ಯದ ರೋಗಿಗಳನ್ನು ನೋಡುತ್ತ, ಮೆಥನಾಲಿನ ಜೊತೆಗೆ ಸಾಮಾನ್ಯ ಮದ್ಯವನ್ನೂ ಕುಡಿದವರಿಗೆ ರೋಗ ತಡವಾಗಿ ಬರುವುದನ್ನು ಆತ ಗುರುತಿಸಿದ. ಯಕೃತ್ತಿನ ಆ ಕಿಣ್ವಕ್ಕೆ ಎಥೆನಾಲ್ ಕಂಡರೆ ಒಲವು ಹೆಚ್ಚು. ಕಾರ್ಖಾನೆಯ ಗೇಟಿನಲ್ಲಿ ಎರಡು ಊರಿನ ಕಬ್ಬು ಒಟ್ಟಿಗೆ ಬಂದು ಒಂದೇ ಊರಿನ ಗಾಡಿಗಳನ್ನು ಮೊದಲು ಒಳಗೆ ಬಿಟ್ಟರೆ ಇನ್ನೊಂದರ ಸಾಲು ಹೊರಗೇ ನಿಲ್ಲುತ್ತದಲ್ಲ, ಹಾಗೆ ಎಥೆನಾಲ್ ಇರುವ ತನಕ ಮೆಥನಾಲ್ ಒಡೆಯದೆ ನಿಂತಿರುತ್ತದೆ. ಅಷ್ಟರಲ್ಲಿ ಉಸಿರು, ಮೂತ್ರಗಳ ಮೂಲಕ, ಬೇಕಾದರೆ ಡಯಾಲಿಸಿಸ್ ಮೂಲಕ ಅದನ್ನು ಹೊರಗೆ ಸಾಗಹಾಕಬಹುದು. ಆಮ್ಲಕ್ಕೆ ಎದುರಾಗಿ ಸೋಡಿಯಂ ಬೈಕಾರ್ಬನೇಟ್ ನರದೊಳಕ್ಕೆ ಕೊಡಬೇಕು. ಕಿಣ್ವವನ್ನು ನೇರವಾಗಿ ತಡೆಯುವ ಫೋಮೆಪಿಜೋಲ್ ಎಂಬ ಔಷಧಕ್ಕೆ ಮೆಥನಾಲ್ ವಿಷಕ್ಕಾಗಿ ಅಮೆರಿಕ 2000ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ದುಬಾರಿ. ಎಥೆನಾಲನ್ನು ಆಸ್ಪತ್ರೆಯಲ್ಲಿ, ರಕ್ತದ ಲೆಕ್ಕ ನೋಡುತ್ತ ಕೊಡಬೇಕೇ ಹೊರತು ಮನೆಯಲ್ಲಿ ಇನ್ನೊಂದು ಪ್ಯಾಕೆಟ್ ಕುಡಿಸುವುದು ಚಿಕಿತ್ಸೆಯಲ್ಲ. ಆ ಪ್ಯಾಕೆಟ್ಟಿನೊಳಗೂ ಅದೇ ವಿಷ ಇರಬಹುದು. ಬೆರಕೆ ಮದ್ಯದಲ್ಲಿ ಎಥೆನಾಲೂ ಇರುವುದರಿಂದಲೇ ಕೆಲವರಿಗೆ ಲಕ್ಷಣ ಒಂದು ದಿನ ಕಳೆದ ಮೇಲೆ ಬರುತ್ತದೆ, ಅಷ್ಟರಲ್ಲಿ ಕುಡಿದದ್ದಕ್ಕೂ ಕಣ್ಣು ಮಂಜಾದದ್ದಕ್ಕೂ ಸಂಬಂಧವೇ ಇಲ್ಲವೆಂದು ಮನೆಯವರು ತಿಳಿಯುತ್ತಾರೆ.

ಈ ವಿಷಯದ ಒಂದು ದೊಡ್ಡ ವೈದ್ಯಕೀಯ ದಾಖಲೆ ಅಮೆರಿಕದ ಅಟ್ಲಾಂಟಾದ್ದು. 1951ರ ಅಕ್ಟೋಬರಿನಲ್ಲಿ ಕಳ್ಳಮದ್ಯ ಕುಡಿದ 323 ಜನ ಅಲ್ಲಿಯ ಗ್ರೇಡಿ ಆಸ್ಪತ್ರೆಗೆ ಬಂದರು, 41 ಜನ ತೀರಿಕೊಂಡರು. ವೈದ್ಯರು ಒಬ್ಬೊಬ್ಬರ ಕಣ್ಣು, ರಕ್ತ ಪರೀಕ್ಷಿಸಿ ಬರೆದಿಟ್ಟದ್ದು 1953ರಲ್ಲಿ ಪ್ರಕಟವಾಯಿತು. ಇಂದಿಗೂ ಪಠ್ಯಪುಸ್ತಕಗಳು ಅದನ್ನು ಆಶ್ರಯಿಸುತ್ತವೆ. ಅದಕ್ಕೂ ಮೊದಲು, 1920ರಿಂದ 1933ರ ತನಕದ ಪಾನನಿಷೇಧದ ಕಾಲದಲ್ಲಿ, ಅದೇ ದೇಶದ ಸರ್ಕಾರ ಕೈಗಾರಿಕೆಯ ಸ್ಪಿರಿಟ್ಟಿಗೆ ಬೇಕೆಂದೇ ಮೆಥನಾಲ್ ಬೆರೆಸಲು ಆದೇಶಿಸಿತ್ತು. ಕುಡಿಯಬಾರದೆಂದು ಬೆರೆಸಿದರು, ಜನ ಕುಡಿದರು, ಸತ್ತರು, ಕುರುಡಾದರು. ನ್ಯೂಯಾರ್ಕಿನ ಮುಖ್ಯ ವೈದ್ಯಕೀಯ ಪರೀಕ್ಷಕ ಚಾರ್ಲ್ಸ್ ನಾರಿಸ್ ಇದನ್ನು ಬಹಿರಂಗವಾಗಿ ಖಂಡಿಸಿದರು.

ಅದೇ ಹೊತ್ತಿಗೆ ಪಾನನಿಷೇಧದ ವಿಚಾರ ನಮ್ಮಲ್ಲಿಗೂ ಬಂದಿತ್ತು. ಬಂದದ್ದು ಗಾಂಧೀಜಿಯ ದಾರಿಯಿಂದ, ಹೆಂಗಸರ ಕಣ್ಣೀರಿನ ಕಾರಣಕ್ಕೆ. ಅದರ ಹಿಂದಿನ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಮುಧೋಳದ ಘೋರ್ಪಡೆಯವರ ಸಂಸ್ಥಾನ, ಜಮಖಂಡಿಯ ಪಟವರ್ಧನರ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ನಮ್ಮ ಊರುಗಳು ವಿಜಾಪುರ ಜಿಲ್ಲೆಗೆ ಸೇರಿದವು. ಮರುವರ್ಷವೇ ಮುಂಬಯಿ ಪಾನನಿಷೇಧ ಕಾಯ್ದೆ ಬಂತು, 1950ರ ಏಪ್ರಿಲಿನಲ್ಲಿ ಇಡೀ ಪ್ರಾಂತ ಪೂರ್ಣವಾಗಿ ಒಣಗಿತು. ಬಿ.ಜಿ. ಖೇರ್ ಮುಖ್ಯಮಂತ್ರಿ, ಮೊರಾರ್ಜಿ ದೇಸಾಯಿ ಗೃಹಮಂತ್ರಿ. ಜಮಖಂಡಿಯ ಬಿ.ಡಿ. ಜತ್ತಿಯವರು ಆ ಪ್ರಾಂತದ ಶಾಸನಸಭೆಯಲ್ಲಿದ್ದರು. 1952ರ ಚುನಾವಣೆಯ ನಂತರ ಆರೋಗ್ಯ ಮತ್ತು ಕಾರ್ಮಿಕ ಇಲಾಖೆಯ ಉಪಮಂತ್ರಿಯಾದರು.

ಆ ಕಾಯ್ದೆಯನ್ನು ಓದಿದರೆ ಜನ ಏನೇನು ಕುಡಿಯುತ್ತಿದ್ದರೆಂದು ಕಾಯ್ದೆಯೇ ಹೇಳುತ್ತದೆ. ಕೆಡಿಸಿದ ಸ್ಪಿರಿಟ್ಟನ್ನು ಕುಡಿಯಲು ಬರುವಂತೆ ಮಾರ್ಪಡಿಸುವುದು ಅಪರಾಧ. ಮರದ ಸಾಮಾನಿಗೆ ಬಳಿಯುವ ಫ್ರೆಂಚ್ ಪಾಲಿಶ್, ವಾರ್ನಿಶ್ ಕೂಡ ಪಾನನಿಷೇಧದ ಕಾಯ್ದೆಯೊಳಗೆ ಬರುತ್ತವೆ. ಬಡಗಿಯ ಡಬ್ಬಿಯನ್ನು ಗೃಹ ಇಲಾಖೆ ಕಾಯಬೇಕಾದರೆ ಅದನ್ನು ಸೋಸಿ ಕುಡಿಯುವವರು ಇದ್ದರೆಂದೇ ಅರ್ಥ. 1951ರಲ್ಲಿ ಬಾಲ್ಸಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿದು, ಆಲ್ಕೊಹಾಲ್ ಇರುವ ಔಷಧ ಮತ್ತು ಸುಗಂಧ ದ್ರವ್ಯಗಳನ್ನು ಇಟ್ಟುಕೊಳ್ಳುವುದನ್ನು ಅಪರಾಧವೆನ್ನುವ ಭಾಗವನ್ನು ತಳ್ಳಿಹಾಕಿತು.

ಇನ್ನೊಂದು ಮಾತು ಹೇಳಲೇಬೇಕು. ಆ ಕಾಯ್ದೆಯಲ್ಲಿ ಮಾರಿದವನಷ್ಟೇ ಕುಡಿದವನೂ ಅಪರಾಧಿ, ಜೈಲಿಗೆ ಹೋಗಬೇಕಾದವನು. ಬಾಯಿಯ ವಾಸನೆ ನೋಡಿ ವೈದ್ಯ ಬರೆದುಕೊಟ್ಟ ಚೀಟಿ ನ್ಯಾಯಾಲಯದಲ್ಲಿ ಸಾಕ್ಷಿಯಾಗುತ್ತಿತ್ತು. ಕಣ್ಣು ಮಂಜಾದ ಹಮಾಲನೊಬ್ಬ ಸರ್ಕಾರಿ ದವಾಖಾನೆಯ ಮೆಟ್ಟಿಲು ಹತ್ತಿ ‘ನಿನ್ನೆ ಕುಡಿದೆ’ ಎಂದು ಹೇಳಬೇಕಾದ ಆ ಒಂದು ಮಾತೇ ಅವನ ಮೇಲಿನ ಆರೋಪ. ಅವನಿಗಿದ್ದ ಅರ್ಧ ದಿನದ ಬಿಡುವನ್ನು ಭಯ ನುಂಗಿತು. ಒಳ್ಳೆಯ ಉದ್ದೇಶದ ಕಾನೂನು ಹೀಗೆ ವಿಷದ ಕೆಲಸಕ್ಕೆ ನೆರವಾಯಿತು.

ನಮ್ಮ ದೇಶದಲ್ಲಿ ಸ್ಪಿರಿಟ್ಟನ್ನು ಕೆಡಿಸಲು ಪಿರಿಡೀನ್‌ನಂಥ ಕೆಟ್ಟ ನಾತದ ವಸ್ತುಗಳನ್ನು ಬಳಸುತ್ತಿದ್ದುದು ಹೆಚ್ಚು. ಕುಡಿಯಹೋದವನ ಮೂಗು ಒಲ್ಲೆನ್ನುತ್ತಿತ್ತು. ಕಾರ್ಖಾನೆಯ ಮೆಥನಾಲ್ ಹೇರಳವಾಗಿ, ಅಗ್ಗವಾಗಿ, ನಾತವಿಲ್ಲದೆ ಸಿಗತೊಡಗಿದ ಮೇಲೆ ಆ ಕಾವಲು ಹೋಯಿತು. ಅಮೆರಿಕದಲ್ಲಿ 1890ರ ದಶಕದಲ್ಲಿ ಆದದ್ದೇ ಇಲ್ಲಿ ಎಪ್ಪತ್ತು ವರ್ಷ ತಡವಾಗಿ ಆಯಿತು.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದಾಗ ರಾಜ್ಯದ ನಕ್ಷೆ ಈ ವಿಷಯದಲ್ಲಿ ತೇಪೆ ಹಾಕಿದ್ದಾಗಿತ್ತು. ಮುಂಬಯಿ, ಮದ್ರಾಸುಗಳಿಂದ ಬಂದ ಜಿಲ್ಲೆಗಳಲ್ಲಿ ನಿಷೇಧ. ಹೈದರಾಬಾದಿನಿಂದ ಬಂದ ಕಲಬುರ್ಗಿ, ರಾಯಚೂರು, ಬೀದರಗಳಲ್ಲಿ ಅಂಗಡಿ ತೆರೆದೇ ಇತ್ತು. ವಿಜಾಪುರ ಜಿಲ್ಲೆಯ ಪೂರ್ವದ ಗಡಿ ದಾಟಿದರೆ ಸಾರಾಯಿ ಕಾನೂನಿನ ವಸ್ತು, ಈಚೆಗೆ ಅಪರಾಧ. 1967ರಲ್ಲಿ, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ನಿಷೇಧ ತೆರವಾಯಿತು. ಗುತ್ತಿಗೆ ಹರಾಜು, ಅಬಕಾರಿ ವರಮಾನ, ಸಾರಾಯಿ ದೊರೆಗಳ ಕಾಲ ಶುರುವಾಯಿತು. ಕಾನೂನಿನ ಭಯ ಹೋಯಿತು ನಿಜ. ಆದರೆ ಕುಡಿಯುವ ಸ್ಪಿರಿಟ್ಟಿನ ಮೇಲೆ ಭಾರೀ ತೆರಿಗೆ ಬಿದ್ದಿತು, ಕೈಗಾರಿಕೆಯ ಮೆಥನಾಲಿಗೆ ಆ ತೆರಿಗೆ ಇರಲಿಲ್ಲ. ಅವೆರಡರ ಬೆಲೆಯ ನಡುವಿನ ಅಂತರದಲ್ಲಿಯೇ ವಿಷಮದ್ಯದ ವ್ಯಾಪಾರ ಬದುಕುತ್ತದೆ.

1981ರ ಜುಲೈ. ಆರ್. ಗುಂಡೂರಾವ್ ಮುಖ್ಯಮಂತ್ರಿ. ಬೆಂಗಳೂರಿನ ಕೂಲಿಕಾರರು, ಕೊಳೆಗೇರಿಯವರು ಕುಡಿದ ಅಗ್ಗದ ಮದ್ಯಕ್ಕೆ ಮೀಥೈಲ್ ಆಲ್ಕೊಹಾಲ್ ಬೆರೆತಿತ್ತು. ಕೆಲವೇ ದಿನಗಳಲ್ಲಿ ಮುನ್ನೂರರಷ್ಟು ಜನ ಸತ್ತರು. 308 ಎಂಬ ಸಂಖ್ಯೆ ಹೆಚ್ಚಾಗಿ ಉಲ್ಲೇಖವಾಗುತ್ತದೆ. ಸ್ವತಂತ್ರ ಭಾರತದ ಅತಿ ದೊಡ್ಡ ವಿಷಮದ್ಯದ ದುರಂತಗಳಲ್ಲಿ ಅದೊಂದು, ಆದದ್ದು ರಾಜಧಾನಿಯಲ್ಲಿ. ದೊಡ್ಡ ಆಸ್ಪತ್ರೆಗಳು ಕೂಗಳತೆಯಲ್ಲಿದ್ದ ಊರದು. ಒಬ್ಬೊಬ್ಬನಿಗೂ ಬೈಕಾರ್ಬನೇಟ್, ಎಥೆನಾಲ್, ಡಯಾಲಿಸಿಸ್ ಬೇಕಾದ ರೋಗ. ಡಯಾಲಿಸಿಸ್ ಎಂಬುದು ಆ ಕಾಲದಲ್ಲಿ ಅಪರೂಪದ ಸೌಲಭ್ಯ. ಒಟ್ಟೊಟ್ಟಿಗೆ ನೂರಾರು ಜನ ಬಂದರೆ ಯಾವ ಆಸ್ಪತ್ರೆಯೂ ಕುಸಿಯುತ್ತದೆ. ಈಗ ಆ ಘಟನೆಯ ಬಗ್ಗೆ ಎಲ್ಲಿ ಓದಿದರೂ ಸಿಗುವುದು ಸತ್ತವರ ಸಂಖ್ಯೆ. ಬದುಕುಳಿದು ಕತ್ತಲೆಗೆ ಬಿದ್ದವರು ಆ ವಾಕ್ಯದಲ್ಲಿ ಇಲ್ಲ.

ಮರುವರ್ಷ, 1982ರ ಓಣಂ ಹಬ್ಬದಲ್ಲಿ, ಕೇರಳದ ವೈಪಿನ್ ದ್ವೀಪದಲ್ಲಿ ಅಂಥದೇ ದುರಂತವಾಯಿತು. ಪರವಾನಗಿಯಿದ್ದ ಅಂಗಡಿಗಳಿಂದಲೇ ಕೊಂಡು ಕುಡಿದವರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹತ್ತಾರು ಜನರ ದೃಷ್ಟಿ ಶಾಶ್ವತವಾಗಿ ಹೋಯಿತು. ಅಲ್ಲಿ ಒಂದು ವ್ಯತ್ಯಾಸ ಕಾಣುತ್ತದೆ. ಆ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು, 1995ರ ತೀರ್ಪಿನಲ್ಲಿ ಸತ್ತವರ ಜೊತೆಗೆ ಕಣ್ಣು ಕಳೆದುಕೊಂಡವರೂ ಲೆಕ್ಕಕ್ಕೆ ಬಂದರು. 2000ದ ಅಕ್ಟೋಬರಿನಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾತುಕ್ಕಲ್‌ನಲ್ಲಿ 31 ಜನ ಸತ್ತಾಗಲೂ ಕಣ್ಣು ಹೋದವರನ್ನು ಹೆಸರು ಹಿಡಿದು ಎಣಿಸಿದರು. ಹಳೆಯ ಭಾರತೀಯ ದಂಡಸಂಹಿತೆಯ 320ನೇ ಕಲಮಿನಲ್ಲಿ ಘೋರ ಗಾಯಗಳ ಪಟ್ಟಿಯಿತ್ತು. ಅದರಲ್ಲಿ ಎರಡನೆಯದೇ ಯಾವುದಾದರೂ ಒಂದು ಕಣ್ಣಿನ ಶಾಶ್ವತ ನಷ್ಟ. ಪಾನೀಯಕ್ಕೆ ಬೆರಕೆ ಮಾಡಿದ್ದಕ್ಕೆ ಅದೇ ಸಂಹಿತೆಯ 272ನೇ ಕಲಂ ಮೂಲದಲ್ಲಿ ವಿಧಿಸಿದ್ದು ಹೆಚ್ಚೆಂದರೆ ಆರು ತಿಂಗಳ ಸೆರೆ, ಸಾವಿರ ರೂಪಾಯಿ ದಂಡ ಅಥವಾ ಎರಡೂ. ಬೆರಕೆ ಎಂದು ನೋಡಿದರೆ ಸಣ್ಣ ತಪ್ಪು, ಕಣ್ಣು ಎಂದು ನೋಡಿದರೆ ದೊಡ್ಡದು. ಕುರುಡರನ್ನು ದಾಖಲಿಸದಿದ್ದರೆ ನ್ಯಾಯಾಲಯದಲ್ಲಿ ಅಪರಾಧವೇ ಕುಗ್ಗುತ್ತದೆ.

ನಮ್ಮ ರಾಜ್ಯದಲ್ಲಿ ಸಾರಾಯಿಯ ವಿರುದ್ಧದ ಕೂಗು ಮುಂದಿನ ವರ್ಷಗಳಲ್ಲಿ ಹೆಚ್ಚುತ್ತ ಹೋಯಿತು. ಉತ್ತರ ಕರ್ನಾಟಕದ ಹೆಂಗಸರು ಅಂಗಡಿಗಳ ಮುಂದೆ ಕುಳಿತರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ಹೊತ್ತ ಉಪಮುಖ್ಯಮಂತ್ರಿ. ಸಾರಾಯಿ ಪ್ಯಾಕೆಟ್ ಹೋಯಿತು, ಅದಕ್ಕಿಂತ ದುಬಾರಿಯಾದ ಬಾಟ್ಲಿ ಬ್ರ್ಯಾಂಡಿ, ವಿಸ್ಕಿ ಉಳಿದವು. ದಿನಗೂಲಿಯವನ ಕೈಗೆ ಎಟಕುತ್ತಿದ್ದದ್ದು ಕಾನೂನಿನ ಅಂಗಡಿಯಿಂದ ಮಾಯವಾಯಿತು. ಅವನ ಚಟ ಮಾಯವಾಗಲಿಲ್ಲ.

ಹನ್ನೊಂದು ತಿಂಗಳು ತುಂಬುವ ಮೊದಲೇ, 2008ರ ಮೇ ತಿಂಗಳ ಮೂರನೆಯ ವಾರದಲ್ಲಿ, ಬೆಂಗಳೂರಿನ ಕೊಳೆಗೇರಿಗಳಲ್ಲಿ, ಆನೇಕಲ್ ಸುತ್ತ, ಕೋಲಾರ ಜಿಲ್ಲೆಯಲ್ಲಿ, ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಜನ ಬೀಳತೊಡಗಿದರು. ರಾಜ್ಯದಲ್ಲಿ ಆಗ ರಾಷ್ಟ್ರಪತಿ ಆಳ್ವಿಕೆ. ವಿಧಾನಸಭೆಯ ಚುನಾವಣೆ ಮೇ 10, 16, 22ರಂದು ಮೂರು ಹಂತದಲ್ಲಿ ನಡೆಯುತ್ತಿತ್ತು. ಸಾವಿನ ಸುದ್ದಿ ಬಂದದ್ದು ಎರಡನೆಯ ಮತ್ತು ಮೂರನೆಯ ಹಂತಗಳ ನಡುವೆ. ಎರಡು ರಾಜ್ಯಗಳಲ್ಲಿ ಸೇರಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಪತ್ರಿಕೆಗಳಲ್ಲಿ ಅಂದಿನ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಸಾರಾಯಿ ನಿಷೇಧ ಸರಿಯೋ ತಪ್ಪೋ? ನನಗೆ ಆ ಪ್ರಶ್ನೆ ಅರ್ಧದ್ದು ಎನ್ನಿಸುತ್ತದೆ. 1981ರಲ್ಲಿ ಸಾರಾಯಿ ಕಾನೂನಿನ ವಸ್ತುವಾಗಿತ್ತು, 2008ರಲ್ಲಿ ಆಗಿರಲಿಲ್ಲ. ಎರಡೂ ಸಲ ಜನ ಸತ್ತರು. ವೈಪಿನ್‌ನಲ್ಲಿ ಅಂಗಡಿಗೆ ಪರವಾನಗಿಯೇ ಇತ್ತು. ಎಲ್ಲ ಕಡೆ ಸಮಾನವಾಗಿದ್ದದ್ದು ಮೆಥನಾಲಿನ ಡ್ರಮ್ಮು. ವಿಷವಸ್ತುಗಳ ಕಾಯ್ದೆ 1919ರಿಂದ ಇದೆ. ಕಾರ್ಖಾನೆಗೆ ಎಷ್ಟು ಬಂತು, ಎಷ್ಟು ಬಳಕೆಯಾಯಿತು, ಎಷ್ಟು ಹಿಂಬಾಗಿಲಿನಿಂದ ಹೋಯಿತು ಎಂದು ತಾಳೆ ನೋಡುವುದು ಬಡವನ ಬಾಯಿ ಮೂಸುವುದಕ್ಕಿಂತ ಕಷ್ಟದ ಕೆಲಸ. ಆದ್ದರಿಂದಲೇ ಆಡಳಿತಗಳು ಬಾಯಿ ಮೂಸುವುದನ್ನೇ ಆರಿಸಿಕೊಂಡಿವೆ.

ಮುಂಬಯಿಯ ಹಳೆಯ ಕಾಯ್ದೆ ಇಂದಿಗೂ ಗುಜರಾತಿನಲ್ಲಿ ಬದುಕಿದೆ. ಅಲ್ಲಿಯ ಅಹಮದಾಬಾದಿನಲ್ಲಿ 2009ರಲ್ಲಿ ನೂರಕ್ಕೂ ಹೆಚ್ಚು, ಬೋಟಾದ್ ಕಡೆ 2022ರಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಬಿಹಾರ 2016ರಲ್ಲಿ ನಿಷೇಧ ತಂದಿತು. 2022ರ ಡಿಸೆಂಬರಿನಲ್ಲಿ ಸಾರಣ ಜಿಲ್ಲೆಯಲ್ಲಿ ದೊಡ್ಡ ಸಾವಾಯಿತು. ಕಣ್ಣು ಕಾಣದಾದವರನ್ನೂ ಪೊಲೀಸರ ಹೆದರಿಕೆಯಿಂದ ಮನೆಯೊಳಗೇ ಇಟ್ಟುಕೊಂಡ ಸುದ್ದಿಗಳು ಅಲ್ಲಿಂದ ಬಂದವು. 1950ರ ವಿಜಾಪುರ ಜಿಲ್ಲೆಯ ಹಮಾಲನ ಹೆದರಿಕೆ ಇದೇ. 2024ರ ಜೂನಿನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ತೀರಿಕೊಂಡಾಗ ಸರ್ಕಾರ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ, ಆಸ್ಪತ್ರೆ ಸೇರಿದವರಿಗೆ 50 ಸಾವಿರ ರೂಪಾಯಿ ಘೋಷಿಸಿತು. ಎರಡು ದಿನ ವಾಂತಿ ಮಾಡಿ ಮನೆಗೆ ಹೋದವನೂ ಎರಡೂ ಕಣ್ಣು ಕಳೆದುಕೊಂಡವನೂ ಆ ಎರಡನೆಯ ಸಾಲಿಗೇ ಬರುತ್ತಾರೆ. ಕಣ್ಣು ಹೋದ ಕೂಲಿಯವನಿಗೆ ಮುಂದೆ ಮೂವತ್ತು ವರ್ಷದ ಬದುಕಿರಬಹುದು. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಕುಡುಗೋಲು ಹಿಡಿದವನು, ಮಗ್ಗದ ಮುಂದೆ ಎಳೆ ಕೂಡಿಸುವವನು, ಗೌಂಡಿಯ ಕೈಕೆಳಗೆ ಇಟ್ಟಿಗೆ ಹೊರುವವನು, ಯಾರ ದುಡಿಮೆಯೂ ಕಣ್ಣಿಲ್ಲದೆ ನಡೆಯದು. ಅವನ ಹೆಂಡತಿ ಇಬ್ಬರ ಕೂಲಿ ಒಬ್ಬಳೇ ದುಡಿಯಬೇಕು. ಮಗಳು ಶಾಲೆ ಬಿಟ್ಟು ಅಪ್ಪನ ಕೈ ಹಿಡಿದು ನಡೆಸಬೇಕು.

ಮುಧೋಳದಿಂದ ಬಾಗಲಕೋಟೆಯ ಮೆಡಿಕಲ್ ಕಾಲೇಜಿಗೆ ಹೋಗಲು ಎರಡು ತಾಸು ಸಾಕು; ವಿಷ ಕೊಡುವ ಬಿಡುವಿನಲ್ಲಿ ಇದು ಸಣ್ಣ ಪಾಲು. ತಾಲ್ಲೂಕು ಆಸ್ಪತ್ರೆಯ ವೈದ್ಯ ಮಾಡಬೇಕಾದದ್ದು ಅನುಮಾನ ಪಡುವುದು. ಕುಡಿದ ಮರುದಿನ ವಾಂತಿ, ಬಿರುಸಾದ ಉಸಿರು, ಮಂಜು ಕಣ್ಣು, ಕುಗ್ಗದ ಪಾಪೆ, ಇವು ಸೇರಿ ಬಂದರೆ ರಕ್ತದ ಆಮ್ಲ ನೋಡಬೇಕು, ಬೈಕಾರ್ಬನೇಟ್ ಶುರು ಮಾಡಬೇಕು, ಅವನ ಜೊತೆ ಕುಡಿದವರನ್ನು ಆ ರಾತ್ರಿಯೇ ಹುಡುಕಿಸಬೇಕು. ಕೊನೆಯದು ಪೊಲೀಸರ ಮತ್ತು ಊರಿನವರ ಕೆಲಸವೂ ಹೌದು. ಇನ್ನೂ ಕಣ್ಣು ಚೆನ್ನಾಗಿರುವವನೇ ಪೂರ್ತಿ ಉಳಿಯಬಲ್ಲವನು. ‘ನಿನ್ನ ಮೇಲೆ ಕೇಸು ಹಾಕುವುದಿಲ್ಲ’ ಎಂಬ ಮಾತು ಆ ರಾತ್ರಿ ಔಷಧದಷ್ಟೇ ಬೇಕು.

ಬದುಕಿ ಮನೆಗೆ ಬಂದವನ ಕಣ್ಣಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕೆಲವರಿಗೆ ಮೊದಲ ವಾರದಲ್ಲಿ ದೃಷ್ಟಿ ಸ್ವಲ್ಪ ಮರಳುತ್ತದೆ, ಡಾಕ್ಟರು ಸಮಾಧಾನದಿಂದ ಬಿಡುಗಡೆ ಮಾಡುತ್ತಾರೆ. ಮುಂದಿನ ವಾರಗಳಲ್ಲಿ ದೃಷ್ಟಿನರ ಒಳಗೊಳಗೇ ಸೊರಗಿ ಬಿಳುಚಿಕೊಳ್ಳುತ್ತದೆ, ಬಂದ ಬೆಳಕು ಮತ್ತೆ ಕುಂದುತ್ತದೆ. ಆ ಹಂತದಲ್ಲಿ ನರವನ್ನು ಮರಳಿ ತರುವ ಖಚಿತ ಔಷಧ ಇಲ್ಲ. ಆದ್ದರಿಂದ ಬಿಡುಗಡೆಯ ದಿನ ಮಾಡಿದ ಎಣಿಕೆ ಯಾವಾಗಲೂ ಕಡಿಮೆ ಬರುತ್ತದೆ. ಮೂರು ತಿಂಗಳ ಮೇಲೆ ಅದೇ ಆಸ್ಪತ್ರೆಯ ಪಟ್ಟಿ ಹಿಡಿದು, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು, ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸಬೇಕು. ದೃಷ್ಟಿ ಹೋದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಮಾಡಿಸಿಕೊಡಬೇಕು, ಅವರ ಹೆಸರುಗಳನ್ನು ಮೊಕದ್ದಮೆಯ ಕಡತಕ್ಕೆ ಸೇರಿಸಬೇಕು.